ಮೊದಲು ಸ್ಕ್ಯಾನರು, ಆಮೇಲೆ ಪ್ರಿಂಟರು

ಶಿರಸಿ ಸಮೀಪದ ಹಳ್ಳಿಯೊಂದರಿಂದ ತಂದೆಯೊಬ್ಬರು ಬರೆದ ಪತ್ರ ನನ್ನೆದುರಿಗಿದೆ. ಅವರ ಮಗಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಚಿತ್ರಕಲೆಯ ಪದವಿ ಓದುತ್ತಿದ್ದಾಳೆ. ಈಗ ಎರಡನೆಯ ವರ್ಷ. ಈ ಸಲದ ಅಡಿಕೆ ಮಾರಿದ ಹಣದಲ್ಲಿ 60 ಸಾವಿರ ರೂಪಾಯಿಯನ್ನು ಅವಳಿಗೆಂದೇ ತೆಗೆದಿರಿಸಿದ್ದಾರೆ. ದೊಡ್ಡ ಅಳತೆಯ ಚಿತ್ರಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡಿ, ಮನೆಯಲ್ಲೇ ಮುದ್ರಿಸಿಕೊಳ್ಳುವ ಯಂತ್ರ ಬೇಕೆಂಬುದು ಮಗಳ ಆಸೆ. ‘ನಮಗೆ ಇದೆಲ್ಲ ತಿಳಿಯುವುದಿಲ್ಲ. ಯಾವ ಕಂಪನಿಯದು ಒಳ್ಳೆಯದು ಅಂತ ಒಂದು ಹೆಸರು ಬರೆದುಬಿಡಿ, ಸಾಕು’ ಎಂದು ಕೇಳಿದ್ದಾರೆ.

ಹೆಸರು ಬರೆಯುವುದು ಸುಲಭ. ಆದರೆ ಬರೀ ಹೆಸರು ಬರೆದರೆ ಆ ಹಣ ಕೆಲಸಕ್ಕೆ ಬಂದೀತೋ ದಂಡವಾದೀತೋ ಹೇಳಲಾಗುವುದಿಲ್ಲ. ಇಂಥದೇ ಪ್ರಶ್ನೆ ಕೇಳುವ ಪೋಷಕರು ಈಚೆಗೆ ಹೆಚ್ಚಾಗಿದ್ದಾರೆ. ಒಬ್ಬರ ಮಗ ಡಿಸೈನ್ ಕೋರ್ಸಿನ ಪ್ರವೇಶಕ್ಕೆ ಚಿತ್ರಗಳ ಕಡತ ಸಿದ್ಧಪಡಿಸುತ್ತಿದ್ದಾನೆ. ಇನ್ನೊಬ್ಬರ ಮಗಳು ಡ್ರಾಯಿಂಗ್ ಹೈಯರ್ ಗ್ರೇಡ್ ಪರೀಕ್ಷೆ ಮುಗಿಸಿ ಗ್ರೀಟಿಂಗ್ ಕಾರ್ಡ್ ಮಾಡಿ ಮಾರಲು ಹೊರಟಿದ್ದಾಳೆ. ಆದ್ದರಿಂದ ಈ ವಾರ ಎಲ್ಲರಿಗೂ ಸೇರಿಸಿಯೇ ಉತ್ತರ ಬರೆಯುತ್ತೇನೆ. ಅದಕ್ಕೂ ಮುಂಚೆ ನಾನೇ ಕೈಸುಟ್ಟುಕೊಂಡ ಕಥೆ ಹೇಳಿಬಿಡಬೇಕು.

ನನ್ನ ಅಕ್ಕನ ಮಗಳು ಚೆನ್ನಾಗಿ ಜಲವರ್ಣ ಚಿತ್ರ ಬರೆಯುತ್ತಾಳೆ. ಅವಳು ಕಾಲೇಜಿಗೆ ಸೇರಿದಾಗ ಸೋದರಮಾವನಾಗಿ ಏನಾದರೂ ಕೊಡಬೇಕಲ್ಲ ಎಂದು ಅಂಗಡಿಯವನ ಮಾತು ಕೇಳಿ ದೊಡ್ಡದೊಂದು ಫೋಟೊ ಪ್ರಿಂಟರು ಕೊಡಿಸಿದೆ. ಮೊದಲ ತಿಂಗಳು ಮನೆಯವರೆಲ್ಲ ಕೂತು ಮದುವೆಯ ಫೋಟೊ, ಪ್ರವಾಸದ ಫೋಟೊ ಮುದ್ರಿಸಿದ್ದೇ ಮುದ್ರಿಸಿದ್ದು. ಏಪ್ರಿಲಿನಲ್ಲಿ ರಜೆ ಬಂತು; ಅವಳು ಊರಿಗೆ ಹೋದಳು. ಜೂನಿನಲ್ಲಿ ಬಂದು ಸ್ವಿಚ್ ಹಾಕಿದರೆ ಕಾಗದದ ಮೇಲೆ ನೀಲಿಯೂ ಇಲ್ಲ, ಹಳದಿಯೂ ಇಲ್ಲ. ಇಂಕಿನ ರಂಧ್ರಗಳು ಒಣಗಿ ಕಟ್ಟಿಕೊಂಡಿದ್ದವು. ಯಂತ್ರಕ್ಕೆ ‘ಶುದ್ಧೀಕರಣ’ದ ಆಜ್ಞೆ ಕೊಟ್ಟೂ ಕೊಟ್ಟೂ ಇದ್ದಬದ್ದ ಇಂಕೂ ಖಾಲಿಯಾಯಿತು. ರಿಪೇರಿಗೆ ಕೇಳಿದರೆ ಹೆಚ್ಚುಕಡಿಮೆ ಹೊಸದರ ಬೆಲೆಯನ್ನೇ ಹೇಳಿದರು.

ಆದರೆ ನಿಜವಾದ ನಷ್ಟ ಅದಲ್ಲ. ಅದೇ ವರ್ಷ ಅವಳು ತನ್ನ ಅಜ್ಜಿ ಹಿತ್ತಲಲ್ಲಿ ಕೂತು ಅಡಿಕೆ ಸುಲಿಯುತ್ತಿರುವ ಚಿತ್ರ ಬರೆದಿದ್ದಳು. ಕಾಲೇಜಿನ ಪ್ರದರ್ಶನದಲ್ಲಿ ಯಾರೋ ಅದನ್ನು ಕೊಂಡುಕೊಂಡರು. ಮನೆಯಲ್ಲಿ ಹಬ್ಬ. ಎರಡು ವರ್ಷ ಕಳೆದು ಸ್ನಾತಕೋತ್ತರ ಪ್ರವೇಶಕ್ಕೆ ಅತ್ಯುತ್ತಮವಾದ ಹತ್ತು ಚಿತ್ರಗಳನ್ನು ಕಳಿಸಬೇಕಾಗಿ ಬಂದಾಗ ನೋಡಿದರೆ, ಎಲ್ಲಕ್ಕಿಂತ ಒಳ್ಳೆಯದು ಯಾರ ಮನೆಯ ಗೋಡೆಯಲ್ಲಿದೆಯೋ ಗೊತ್ತಿಲ್ಲ. ಉಳಿದಿದ್ದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಮಾತ್ರ. ಕಟ್ಟು ಹಾಕಿಸಿದ ಮೇಲೆ ತೆಗೆದದ್ದು. ಅಜ್ಜಿಯ ಮುಖದ ಮೇಲೆಯೇ ಟ್ಯೂಬ್‌ಲೈಟಿನ ಬಿಳಿ ಪಟ್ಟೆ.

ಮನೆಯಲ್ಲಿ ದುಬಾರಿ ಪ್ರಿಂಟರು ಇತ್ತು. ಮುದ್ರಿಸಬೇಕಾದ ಚಿತ್ರವೇ ಇರಲಿಲ್ಲ. ನಾನು ಈ ವಾರ ಹೇಳಬೇಕೆಂದಿರುವುದು ಇಷ್ಟೇ: ಚಿತ್ರವನ್ನು ಹಿಡಿದಿಡುವುದು ಒಂದು ಕೆಲಸ, ಮುದ್ರಿಸುವುದು ಇನ್ನೊಂದು ಕೆಲಸ. ಮುದ್ರಿಸುವುದನ್ನು ನಾಳೆ ಮಾಡಬಹುದು, ಹತ್ತು ವರ್ಷ ಬಿಟ್ಟೂ ಮಾಡಬಹುದು. ಹಿಡಿದಿಡುವುದನ್ನು ಮೂಲ ಚಿತ್ರ ಕೈಯಲ್ಲಿರುವಾಗಲೇ ಮಾಡಬೇಕು.

ಹಾಗೆಂದು ಮುದ್ರಣದ ಆಸೆಯೇ ತಪ್ಪು ಎನ್ನುತ್ತಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆಯದಿದ್ದರೆ ಅವನ ಲಕ್ಷ್ಮಿ, ಸರಸ್ವತಿಯರು ಅರಮನೆಗಳ ಗೋಡೆಯಲ್ಲೇ ಉಳಿಯುತ್ತಿದ್ದರು; ನಮ್ಮ ಅಜ್ಜಿಯಂದಿರ ದೇವರ ಕೋಣೆಗೆ ಬರುತ್ತಿರಲಿಲ್ಲ. ಪ್ರತಿಗಳಿಂದಲೇ ಕಲಾವಿದನ ಹೆಸರು ಊರೂರಿಗೆ ಹೋಗುವುದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದಷ್ಟೇ ನನ್ನ ತಕರಾರು.

ಅಳತೆಪಟ್ಟಿ ತೆಗೆದುಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ಮಕ್ಕಳು ಬರೆದ ಚಿತ್ರಗಳನ್ನೆಲ್ಲ ಹರವಿ ಅಳತೆಪಟ್ಟಿಯಲ್ಲಿ ಅಳೆಯಿರಿ. ಇದಕ್ಕೆ ಕಾಸು ಖರ್ಚಿಲ್ಲ. ಯಂತ್ರದವರ ಅಳತೆ ಒಂದು, ಚಿತ್ರಕಲೆಯವರ ಅಳತೆ ಇನ್ನೊಂದು. ಗೊಂದಲ ಶುರುವಾಗುವುದೇ ಇಲ್ಲಿ.

ಯಂತ್ರದವರು ‘ಎ’ ಸರಣಿಯಲ್ಲಿ ಮಾತನಾಡುತ್ತಾರೆ. ಜರ್ಮನಿಯಲ್ಲಿ 1922ರಲ್ಲಿ ಜಾರಿಗೆ ಬಂದ ಪದ್ಧತಿ ಇದು. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರು. ಅದನ್ನು ಅರ್ಧಕ್ಕೆ ಮಡಿಸಿದರೆ ಎ1, ಮತ್ತೆ ಅರ್ಧ ಮಾಡಿದರೆ ಎ2. ಹೀಗೆ ಇಳಿಯುತ್ತ ಬಂದರೆ ಎ3 ಎಂದರೆ 297 ಮತ್ತು 420 ಮಿಲಿಮೀಟರು. ನಾವು ದಿನಾ ಬಳಸುವ ಎ4 ಎಂದರೆ 210 ಮತ್ತು 297. ಉದ್ದ ಅಗಲಗಳ ಅನುಪಾತ ಎರಡರ ವರ್ಗಮೂಲ ಆಗಿರುವುದರಿಂದ ಎಷ್ಟು ಸಲ ಮಡಿಸಿದರೂ ಹಾಳೆಯ ಆಕಾರ ಬದಲಾಗದು. ಗಣಿತದ ಮೇಷ್ಟ್ರು ತರಗತಿಯಲ್ಲಿ ತೋರಿಸಲು ಒಳ್ಳೆಯ ಉದಾಹರಣೆ. ಮನೆಬಳಕೆಯ ‘ದೊಡ್ಡ’ ಪ್ರಿಂಟರುಗಳು ಸಾಮಾನ್ಯವಾಗಿ ಎ3, ಇಲ್ಲವೇ ಅದಕ್ಕಿಂತ ಸ್ವಲ್ಪ ದೊಡ್ಡದಾದ ಎ3 ಪ್ಲಸ್, ಅಂದರೆ 13 ಮತ್ತು 19 ಅಂಗುಲದ ಹಾಳೆಗೆ ನಿಲ್ಲುತ್ತವೆ. ಅದರಿಂದಾಚೆಗೆ ಹೋದರೆ ಬೆಲೆ ಮನೆಯವರ ಕೈಗೆಟಕುವುದಿಲ್ಲ.

ಚಿತ್ರಕಲೆಯವರದು ಇಂಪೀರಿಯಲ್ ಲೆಕ್ಕ. ಪೂರ್ತಿ ಹಾಳೆ 22 ಮತ್ತು 30 ಅಂಗುಲ, ಅರ್ಧ ಹಾಳೆ 15 ಮತ್ತು 22, ಕಾಲು ಹಾಳೆ 11 ಮತ್ತು 15. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರೆ ಗುಟ್ಟು ಹೊರಬೀಳುತ್ತದೆ. ಕಾಲು ಹಾಳೆಯ ಚಿತ್ರ ಎ3 ಗಾಜಿನ ಮೇಲೆ ಸಲೀಸಾಗಿ ಕೂರುತ್ತದೆ. ಅರ್ಧ ಹಾಳೆಯ ಚಿತ್ರ ಎಷ್ಟು ದುಡ್ಡು ಕೊಟ್ಟು ತಂದ ಎ3 ಯಂತ್ರದಲ್ಲೂ ಒಂದೇ ಸಲಕ್ಕೆ ಹಿಡಿಸದು. ನಿಮ್ಮ ಮಗಳ ಚಿತ್ರಗಳಲ್ಲಿ ಹೆಚ್ಚಿನವು ಅರ್ಧ ಹಾಳೆಯವಾದರೆ ಎ3 ಸ್ಕ್ಯಾನರಿಗೆ ಹಣ ಹಾಕಿಯೂ ತುಂಡು ಜೋಡಿಸುವ ಕೆಲಸ ತಪ್ಪದು.

ಗಾಜಿನ ಕೆಳಗೆ ಏನಿದೆ?

ಸ್ಕ್ಯಾನರುಗಳಲ್ಲಿ ಎರಡು ಜಾತಿ. ಒಂದರಲ್ಲಿ ಕನ್ನಡಿಗಳೂ ಮಸೂರವೂ ಇದ್ದು, ಚಿತ್ರದ ಬಿಂಬವನ್ನು ಕಿರಿದು ಮಾಡಿ ಸಿಸಿಡಿ ಎಂಬ ಬೆಳಕು ಗ್ರಹಿಸುವ ಪಟ್ಟಿಯ ಮೇಲೆ ಬೀಳಿಸುತ್ತಾರೆ. ಇನ್ನೊಂದು ಸಿಐಎಸ್. ಇದರಲ್ಲಿ ಗ್ರಹಿಸುವ ಪಟ್ಟಿ ಗಾಜಿನ ಉದ್ದಕ್ಕೂ ಅದಕ್ಕೆ ಅಂಟಿಕೊಂಡಂತೆ ಓಡಾಡುತ್ತದೆ. ಸಿಐಎಸ್ ಯಂತ್ರ ತೆಳ್ಳಗಿರುತ್ತದೆ, ಅಗ್ಗ. 2018ರಲ್ಲಿ ಬಂದ ಕ್ಯಾನನ್ ಲೈಡ್ 300ರಂಥವು ಕಂಪ್ಯೂಟರಿನ ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ತನ್ನೂ ಪಡೆಯುತ್ತವೆ. ಅದರ ಕೊರತೆ ಒಂದೇ: ಗಾಜಿಗೆ ತಾಗಿಕೊಂಡ ಭಾಗವನ್ನಷ್ಟೇ ಸ್ಪಷ್ಟವಾಗಿ ನೋಡುತ್ತದೆ. ಜಲವರ್ಣದ ಕಾಗದ ನೀರು ಕುಡಿದು ಅಲ್ಲಲ್ಲಿ ಉಬ್ಬಿರುತ್ತದಲ್ಲ, ಆ ಉಬ್ಬು ಗಾಜಿನಿಂದ ಕೆಲವು ಮಿಲಿಮೀಟರು ಮೇಲೆದ್ದರೂ ಅಲ್ಲಿ ಚಿತ್ರ ಮಂಜಾಗುತ್ತದೆ. ಸಿಸಿಡಿಗೆ ಆ ತೊಂದರೆ ಕಡಿಮೆ. ಪೆನ್ಸಿಲ್, ಇಂಕು, ಪೋಸ್ಟರ್ ಬಣ್ಣದ ಸಪಾಟು ಚಿತ್ರಗಳಿಗೆ ಸಿಐಎಸ್ ಧಾರಾಳ ಸಾಕು. ಉಬ್ಬಿದ ಕಾಗದವೇ ಹೆಚ್ಚು ಎಂದಾದರೆ ಸಿಸಿಡಿ ಹುಡುಕಿ. ಇಲ್ಲವೇ ಚಿತ್ರವನ್ನು ಎರಡು ಶುಭ್ರ ಹಾಳೆಗಳ ನಡುವೆ ಇಟ್ಟು, ಮೇಲೆ ನಿಘಂಟಿನಂಥ ಭಾರದ ಪುಸ್ತಕಗಳನ್ನು ಹೇರಿ ಎರಡು ದಿನ ಬಿಟ್ಟು ಆಮೇಲೆ ಸ್ಕ್ಯಾನ್ ಮಾಡಿ.

ಇನ್ನು ಡಿಪಿಐ ಎಂಬ ಸಂಖ್ಯೆ. ಒಂದು ಅಂಗುಲದಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕ ಅದು. ಡಬ್ಬಿಯ ಮೇಲೆ 4800, 9600 ಎಂದೆಲ್ಲ ಅಚ್ಚಾಗಿದ್ದರೆ ಬೆರಗಾಗಬೇಡಿ. ‘ಆಪ್ಟಿಕಲ್’ ಎಂದು ಬರೆದಿರುವುದು ನಿಜವಾದ ಸಂಖ್ಯೆ. ಉಳಿದದ್ದು ಕಂಪ್ಯೂಟರು ಊಹಿಸಿ ತುಂಬಿದ್ದು. ಚಿತ್ರದ ಅಳತೆಯಲ್ಲೇ ಮುದ್ರಿಸಲು 300 ಡಿಪಿಐ ಸಾಕು. ಮುಂದೆ ಎರಡರಷ್ಟು ದೊಡ್ಡದು ಮಾಡುವ ಯೋಚನೆಯಿದ್ದರೆ 600. ಎ3 ಚಿತ್ರವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 3508ಕ್ಕೆ 4961 ಚುಕ್ಕೆ, ಸಂಕುಚಿಸದೆ ಉಳಿಸಿದರೆ ಸುಮಾರು 52 ಮೆಗಾಬೈಟು. 600ಕ್ಕೆ ಏರಿಸಿದರೆ ಅದು ನಾಲ್ಕು ಪಟ್ಟು, ಸುಮಾರು 209 ಮೆಗಾಬೈಟು. ಅದಕ್ಕೂ ಮೇಲೆ ಹೋದರೆ ಕಾಗದದ ನಾರು ಕಾಣಿಸೀತೇ ಹೊರತು ಚಿತ್ರ ಚೆಂದವಾಗದು.

ಎ4 ಗಾಜಿನಲ್ಲಿ ದೊಡ್ಡ ಚಿತ್ರ

ಎ3 ಸ್ಕ್ಯಾನರು ಬೇಕೇ ಬೇಕೇ? ಬಹುಪಾಲು ವಿದ್ಯಾರ್ಥಿಗಳಿಗೆ ಬೇಡ ಎಂಬುದೇ ನನ್ನ ಉತ್ತರ. ಎ4 ಸ್ಕ್ಯಾನರಿನಲ್ಲಿ ಚಿತ್ರವನ್ನು ತುಂಡುತುಂಡಾಗಿ ಹಿಡಿದು ಕಂಪ್ಯೂಟರಿನಲ್ಲಿ ಜೋಡಿಸಬಹುದು. ಹಜಿನ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಫೋಟೊಶಾಪ್ ಇದ್ದವರಿಗೆ ಅದರಲ್ಲೇ ಸೌಲಭ್ಯವಿದೆ. ಜೋಡಣೆ ಕೂಡಬೇಕಾದರೆ ಒಂದು ತುಂಡಿನ ಅಂಚು ಇನ್ನೊಂದರ ಮೇಲೆ ಸಾಕಷ್ಟು ಹಾಯ್ದಿರಬೇಕು.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ. ಎ4 ಸ್ಕ್ಯಾನರುಗಳ ಗಾಜು ಸಾಮಾನ್ಯವಾಗಿ 216ಕ್ಕೆ 297 ಮಿಲಿಮೀಟರು. ಕಾಲು ಇಂಪೀರಿಯಲ್ ಚಿತ್ರದ ಉದ್ದ ಸುಮಾರು 381 ಮಿಲಿಮೀಟರು. ಎರಡು ಸಲ ಸ್ಕ್ಯಾನ್ ಮಾಡಿದರೆ 432 ಆಯಿತು; ನಡುವೆ 51 ಮಿಲಿಮೀಟರು, ಅಂದರೆ ಎರಡು ಅಂಗುಲ ಹಾಯುತ್ತದೆ. ಸಲೀಸು. ಎ3 ಚಿತ್ರದ ಉದ್ದ 420. ಎರಡು ತುಂಡು ಮಾಡಿದರೆ ಹಾಯುವುದು ಬರೀ 12 ಮಿಲಿಮೀಟರು! ಅಲ್ಲಿ ಮೂರು ತುಂಡು ಮಾಡುವುದೇ ಜಾಣತನ. ಅರ್ಧ ಇಂಪೀರಿಯಲ್ ಆದರೆ ಆರು ತುಂಡು. ಒಂದು ಚಿತ್ರಕ್ಕೆ ಅರ್ಧ ಗಂಟೆ ಹಿಡಿದೀತು. ವರ್ಷಕ್ಕೆ ಇಪ್ಪತ್ತು ಮುಖ್ಯ ಚಿತ್ರಗಳಿಗೆ ಹತ್ತು ಗಂಟೆ. ರಜೆಯಲ್ಲಿ ಎರಡು ದಿನದ ಕೆಲಸ.

ಜೋಡಿಸುವವರಿಗೆ ಮೂರು ಕಿವಿಮಾತು. ಒಂದು, ಗಾಜಿನ ಸುತ್ತ ಎದ್ದಿರುವ ಅಂಚು ದೊಡ್ಡ ಕಾಗದವನ್ನು ಮೇಲಕ್ಕೆತ್ತುತ್ತದೆ. ಅಂಚು ತಗ್ಗಾಗಿರುವ, ಮುಚ್ಚಳ ಪೂರ್ತಿ ತೆರೆದುಕೊಳ್ಳುವ ಯಂತ್ರವನ್ನೇ ಆರಿಸಿ. ಎರಡು, ಸ್ಕ್ಯಾನರು ತಾನಾಗಿಯೇ ಬಣ್ಣ ತಿದ್ದುವುದನ್ನು ನಿಲ್ಲಿಸಿಡಿ. ಇಲ್ಲವಾದರೆ ಒಂದು ತುಂಡಿನ ಆಕಾಶ ತಿಳಿ, ಇನ್ನೊಂದರದು ಗಾಢ. ಮೂರು, ಎಲ್ಲ ತುಂಡುಗಳನ್ನೂ ಕಾಗದ ತಿರುಗಿಸದೆ ಒಂದೇ ದಿಕ್ಕಿನಲ್ಲಿ ಹಿಡಿಯಿರಿ. ಸ್ಕ್ಯಾನರಿನ ಬೆಳಕು ಓರೆಯಿಂದ ಬರುವುದರಿಂದ ಕಾಗದದ ತರಿಯ ನೆರಳು ದಿಕ್ಕು ಬದಲಾದರೆ ಜೋಡಣೆಯ ಗೆರೆ ಎದ್ದು ಕಾಣುತ್ತದೆ.

ಗಾಜಿಗೆ ಒಗ್ಗದ ಚಿತ್ರಗಳು

ಎಲ್ಲ ಚಿತ್ರಗಳನ್ನೂ ಗಾಜಿನ ಮೇಲೆ ಬೋರಲು ಹಾಕಬಾರದು. ಮೈಸೂರು ಶೈಲಿಯ ಚಿತ್ರಗಳಲ್ಲಿ ಗೆಸ್ಸೊ ಉಬ್ಬಿನ ಮೇಲೆ ಚಿನ್ನದ ರೇಕು ಹಚ್ಚಿರುತ್ತಾರೆ. ಸ್ಕ್ಯಾನರಿನ ಓರೆ ಬೆಳಕಿಗೆ ಆ ಚಿನ್ನ ಕಪ್ಪು ಕಪ್ಪಾಗಿ ಬರುತ್ತದೆ, ಉಬ್ಬಿಗೂ ಪೆಟ್ಟು. ತೈಲವರ್ಣ, ಕೊಲಾಜ್ ಕೂಡ ಬೇಡ. ಇದ್ದಿಲು, ಪೇಸ್ಟಲ್ ಚಿತ್ರಗಳು ಗಾಜಿನ ಮೇಲೆ ಪುಡಿ ಉದುರಿಸಿ ಮುಂದಿನ ಚಿತ್ರವನ್ನೂ ಕೆಡಿಸುತ್ತವೆ. ಇವಕ್ಕೆಲ್ಲ ಕ್ಯಾಮೆರಾವೇ ಸರಿ. ಒಳ್ಳೆಯ ಮೊಬೈಲು ಆದರೂ ನಡೆದೀತು.

ಆದರೆ ನಿಯಮವಿದೆ. ಟ್ಯೂಬ್‌ಲೈಟು ಆರಿಸಿ. ಫ್ಲಾಶ್ ಬೇಡವೇ ಬೇಡ. ಮೋಡ ಕವಿದ ದಿನ ಮನೆಯ ಜಗಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ ಚಿತ್ರವನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ. ಕಟ್ಟು ಹಾಕಿಸುವ ಮುಂಚೆಯೇ ತೆಗೆಯಿರಿ; ಗಾಜು ಬಂದರೆ ಪ್ರತಿಬಿಂಬವೂ ಬಂತು. ಕ್ಯಾಮೆರಾದ ಕಣ್ಣು ಚಿತ್ರದ ನಟ್ಟನಡುವಿಗೆ ಸರಿಯಾಗಿರಲಿ, ಇಲ್ಲದಿದ್ದರೆ ಚೌಕ ಹೋಗಿ ಸೊಟ್ಟ ಚೌಕ ಬರುತ್ತದೆ. ಹತ್ತಿರ ಹೋಗಿ ತೆಗೆಯುವ ಬದಲು ಎರಡು ಹೆಜ್ಜೆ ಹಿಂದೆ ಸರಿದು ಎರಡರಷ್ಟು ಜೂಮ್ ಮಾಡಿದರೆ ಅಂಚುಗಳು ಬಾಗುವುದಿಲ್ಲ. ಕೈ ಅಲುಗದಂತೆ ಸ್ಟ್ಯಾಂಡು, ಗುಂಡಿ ಒತ್ತಿದ ನಡುಕ ತಾಗದಂತೆ ಟೈಮರು. ಚಿತ್ರದ ಪಕ್ಕದಲ್ಲಿ ಒಂದು ಅಚ್ಚ ಬಿಳಿ ಹಾಳೆಯ ತುಂಡು ಇಟ್ಟು ತೆಗೆದರೆ, ಆಮೇಲೆ ಅದನ್ನೇ ಅಳತೆಗೋಲಾಗಿಟ್ಟು ಬಣ್ಣ ಸರಿಪಡಿಸಬಹುದು. 12 ಮೆಗಾಪಿಕ್ಸೆಲಿನ ಚಿತ್ರವನ್ನು ಎ3 ಅಳತೆಗೆ ಮುದ್ರಿಸಿದರೆ ಅಂಗುಲಕ್ಕೆ ಸುಮಾರು 240 ಚುಕ್ಕೆ ಸಿಗುತ್ತದೆ. ಕಡತಕ್ಕೆ ಅಷ್ಟು ಸಾಕು.

ಹಿಡಿದಿಟ್ಟ ಮೇಲೆ ಉಳಿಸಿಕೊಳ್ಳುವ ಮಾತು. ಮೂಲ ಕಡತವನ್ನು ಟಿಫ್ ರೂಪದಲ್ಲಿಡಿ. ಜೆಪೆಗ್ ಅನ್ನು ತಿದ್ದಿ ತಿದ್ದಿ ಉಳಿಸಿದಷ್ಟೂ ಚಿತ್ರ ಸವೆಯುತ್ತದೆ. ಪ್ರತಿಯೊಂದಕ್ಕೂ ಹೆಸರು, ಬರೆದ ವರ್ಷ, ಮಾಧ್ಯಮ, ಅಳತೆ ಸೇರಿಸಿ. ಎರಡು ಕಡೆ ನಕಲು ಇರಲಿ, ಒಂದು ಮನೆಯಿಂದ ಹೊರಗೆ. ಮಲೆನಾಡಿನವರಿಗೆ ಇದನ್ನು ಒತ್ತಿ ಹೇಳಬೇಕು: ಮಳೆಗಾಲದ ಶೀತಕ್ಕೆ ಕಾಗದಕ್ಕೆ ಬೂಷ್ಟು ಹಿಡಿಯುವುದು ನಿಮಗೆ ಗೊತ್ತೇ ಇದೆ. ಮೇ ತಿಂಗಳೊಳಗೆ ಆ ವರ್ಷದ ಚಿತ್ರಗಳನ್ನು ಹಿಡಿದು ಮುಗಿಸಿ. ಹಾಗೆಯೇ ಬೆಂಗಳೂರಿನ ಚಿತ್ರಸಂತೆಗೋ ಕಾಲೇಜಿನ ಪ್ರದರ್ಶನಕ್ಕೋ ಹೊರಡುವ ಮುನ್ನ ಒಂದು ಚಿತ್ರವೂ ಸ್ಕ್ಯಾನ್ ಆಗದೆ ಹೊಸ್ತಿಲು ದಾಟದಿರಲಿ.

ತರುವುದು ಸುಲಭ, ಸಾಕುವುದು ಕಷ್ಟ

ಈಗ ಪ್ರಿಂಟರಿನ ಸರದಿ. ಮನೆಯ ಬಣ್ಣದ ಪ್ರಿಂಟರುಗಳೆಲ್ಲ ಹೆಚ್ಚಾಗಿ ಇಂಕ್‌ಜೆಟ್‌ಗಳೇ, ಅಂದರೆ ಇಂಕನ್ನು ಸಣ್ಣ ಹನಿಗಳಾಗಿ ಚಿಮ್ಮಿಸುವಂಥವು. ಚಿಮ್ಮಿಸುವುದಕ್ಕೆ ಎರಡು ದಾರಿ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಕಾದ ಬೆಸುಗೆ ಕಡ್ಡಿಯೊಂದು ಇಂಕು ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ ತಾಗಿ, ತುದಿಯಿಂದ ಇಂಕು ಚಿಮ್ಮಿತಂತೆ. ಅದರಿಂದ ಹುಟ್ಟಿದ್ದು ಶಾಖದ ಪದ್ಧತಿ. ಕ್ಯಾನನ್, ಎಚ್‌ಪಿ ಯಂತ್ರಗಳಲ್ಲಿ ಇರುವುದು ಇದು. ಎಪ್ಸನ್, ಬ್ರದರ್ ಯಂತ್ರಗಳಲ್ಲಿ ವಿದ್ಯುತ್ ಹಾಯಿಸಿದರೆ ರೂಪ ಬದಲಿಸುವ ಹರಳು ಇಂಕನ್ನು ಒತ್ತಿ ಹೊರದೂಡುತ್ತದೆ. ಹರಳಿಗೂ ವಿದ್ಯುತ್ತಿಗೂ ಇರುವ ಈ ನಂಟನ್ನು ಕ್ಯೂರಿ ಸಹೋದರರು 1880ರಲ್ಲೇ ಕಂಡಿದ್ದರು. ಯಾವ ಪದ್ಧತಿಯಾದರೂ ರಂಧ್ರಗಳು ಕೂದಲೆಳೆಗಿಂತ ಸಣ್ಣವು. ವಾರಗಟ್ಟಲೆ ಸುಮ್ಮನೆ ಬಿಟ್ಟರೆ ಇಂಕು ಒಣಗುತ್ತದೆ. ನನ್ನ ಯಂತ್ರ ಸತ್ತದ್ದು ಹಾಗೆಯೇ.

ಆದ್ದರಿಂದ ಕೊಳ್ಳುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ವಾರಕ್ಕೊಮ್ಮೆಯಾದರೂ ಬಣ್ಣದ ಪುಟ ಮುದ್ರಿಸುತ್ತೇವೆಯೇ?’ ಎಂಬುದು. ಇನ್ನೊಂದು ಎಚ್ಚರಿಕೆ: ಪ್ರಿಂಟರನ್ನು ಅದರದೇ ಗುಂಡಿಯಿಂದ ಆರಿಸಿ, ಆಮೇಲೆ ಗೋಡೆಯ ಸ್ವಿಚ್ ತೆಗೆಯಿರಿ. ಗುಂಡಿ ಒತ್ತಿದಾಗ ಇಂಕಿನ ತಲೆ ತನ್ನ ಗೂಡಿಗೆ ಹೋಗಿ ಮುಚ್ಚಿಕೊಳ್ಳುತ್ತದೆ. ಕರೆಂಟು ಹೋದರೆ ಎಲ್ಲಿತ್ತೋ ಅಲ್ಲೇ ಬಾಯಿ ತೆರೆದು ನಿಲ್ಲುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನವರು ಚಿಕ್ಕ ಯುಪಿಎಸ್ ಇಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಪ್ರಶ್ನೆ ಇಂಕಿನದು. ಕಾರ್ಟ್ರಿಜ್ ಯಂತ್ರ ಅಗ್ಗ, ಇಂಕು ದುಬಾರಿ. ಬಾಟಲಿಯಿಂದ ಇಂಕು ತುಂಬುವ ಟ್ಯಾಂಕ್ ಯಂತ್ರ ದುಬಾರಿ, ಇಂಕು ಅಗ್ಗ. ಇಂಡೋನೇಷ್ಯಾದ ಅಂಗಡಿಯವರು ಕಾರ್ಟ್ರಿಜ್ ಯಂತ್ರಗಳಿಗೆ ತಾವೇ ಹೊರಗಿನಿಂದ ಟ್ಯೂಬು, ಬಾಟಲಿ ಜೋಡಿಸಿಕೊಳ್ಳುತ್ತಿದ್ದುದನ್ನು ನೋಡಿ ಎಪ್ಸನ್ 2010ರಲ್ಲಿ ಅಲ್ಲೇ ಮೊದಲು ಟ್ಯಾಂಕ್ ಪ್ರಿಂಟರು ಮಾರಾಟಕ್ಕಿಟ್ಟಿತು. ದೊಡ್ಡ ಅಳತೆಯ ಚಿತ್ರಗಳಿಗೆ ಟ್ಯಾಂಕೇ ಸರಿ. ಆದರೂ ‘ಒಂದು ಬಾಟಲಿಗೆ ಇಷ್ಟು ಸಾವಿರ ಪುಟ’ ಎಂಬ ಜಾಹೀರಾತನ್ನು ಹಾಗೇ ನಂಬಬೇಡಿ. ಅದು ಎ4 ಅಳತೆಯ ಕಚೇರಿ ಪುಟಗಳ ಲೆಕ್ಕ. ಅಂಥ ಪುಟದ ಬಹುಭಾಗ ಖಾಲಿ ಬಿಳಿ. ಚಿತ್ರವಾದರೆ ಅಂಚಿನಿಂದ ಅಂಚಿಗೆ ಬಣ್ಣ, ಅದೂ ಎರಡರಷ್ಟು ದೊಡ್ಡ ಹಾಳೆಯಲ್ಲಿ.

ಇಂಕಿನಲ್ಲೂ ಡೈ, ಪಿಗ್ಮೆಂಟ್ ಎಂದು ಎರಡು ಬಗೆ. ಡೈ ಎಂದರೆ ನೀರಿನಲ್ಲಿ ಸಕ್ಕರೆಯಂತೆ ಕರಗಿದ ಬಣ್ಣ. ಹೊಳಪಿನ ಫೋಟೊ ಕಾಗದದ ಮೇಲೆ ಕಣ್ಣು ಕುಕ್ಕುವಂತೆ ಬರುತ್ತದೆ, ಬೆಳಕಿಗೆ ಬೇಗ ಮಾಸುತ್ತದೆ. ಪಿಗ್ಮೆಂಟ್ ಎಂದರೆ ನೀರಿನಲ್ಲಿ ತೇಲುವ ಅತಿ ನುಣುಪಾದ ಬಣ್ಣದ ಪುಡಿ. ನೀರಿಗೂ ಬೆಳಕಿಗೂ ಹೆಚ್ಚು ತಾಳುತ್ತದೆ. ಹೊಳಪಿಲ್ಲದ ಕಲಾ ಕಾಗದಕ್ಕೆ ಇದೇ ಹೊಂದುವುದು. ಮಾರುವ ಉದ್ದೇಶವಿದ್ದರೆ ಪಿಗ್ಮೆಂಟೇ ಇರಲಿ. ದುಡ್ಡು ಕೊಟ್ಟು ಕೊಂಡವರ ಗೋಡೆಯಲ್ಲಿ ನಿಮ್ಮ ಕೆಂಪು ಗುಲಾಬಿಯಾಗಬಾರದು.

ಮೂರನೆಯದು, ಅಂಗಡಿಯಲ್ಲಿ ಎಲ್ಲರೂ ಎಡವುವ ಕಲ್ಲು. ‘ಎ3 ಆಲ್ ಇನ್ ಒನ್’ ಎಂದಾಕ್ಷಣ ಸ್ಕ್ಯಾನರೂ ಎ3 ಎಂದುಕೊಳ್ಳಬೇಡಿ. ಎಪ್ಸನ್ನಿನ ಎಲ್8180 ಆರು ಬಣ್ಣಗಳಲ್ಲಿ ಎ3 ಪ್ಲಸ್ ಹಾಳೆ ಮುದ್ರಿಸುವ ಯಂತ್ರ, ಆದರೆ ಅದರ ಗಾಜು ಎ4. ಅದೇ ಕಂಪನಿಯ ಎಲ್15150ರ ಗಾಜು ಎ3, ನಾಲ್ಕೂ ಇಂಕು ಪಿಗ್ಮೆಂಟ್. ಆದರೆ ಅದು ಕಚೇರಿಗಾಗಿ ಮಾಡಿದ್ದು, ಬಣ್ಣದ ನಯದಲ್ಲಿ ಆರು ಬಣ್ಣದ ಯಂತ್ರಕ್ಕೆ ಸಾಟಿಯಲ್ಲ. ಹೀಗೆ ಒಂದಿದ್ದರೆ ಒಂದಿಲ್ಲ. ಮಾದರಿಗಳ ಹೆಸರು ಬದಲಾಗುತ್ತಲೇ ಇರುತ್ತವೆ. ಹೆಸರು ಬಾಯಿಪಾಠ ಮಾಡುವುದರ ಬದಲು ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಗಾಜಿನ ಅಳತೆ ಎಷ್ಟು? ಇಂಕು ಎಷ್ಟು ಬಣ್ಣ, ಯಾವ ಬಗೆ? ಕಾಗದ ಎಷ್ಟು ಜಿಎಸ್‌ಎಂ ದಪ್ಪದವರೆಗೆ ಹಿಡಿಯುತ್ತದೆ, ಹಿಂಬದಿಯಿಂದ ಹೆಚ್ಚು ಬಾಗದೆ ಹೋಗುತ್ತದೆಯೇ? ವ್ಯರ್ಥ ಇಂಕು ಸೇರುವ ಡಬ್ಬಿಯನ್ನು ನಾವೇ ಬದಲಿಸಬಹುದೇ? ಸರ್ವಿಸಿನವರು ನಮ್ಮ ಊರಿಗೆ ಬರುತ್ತಾರೆಯೇ? ಕೊನೆಯ ಪ್ರಶ್ನೆಗೆ ಅಂಗಡಿಯವನು ತಲೆ ಕೆರೆದುಕೊಂಡರೆ ನೀವು ನಮಸ್ಕಾರ ಹೇಳಿ ಹೊರಡಿ.

ಕಾಗದ ಪೆನ್ಸಿಲ್ ಲೆಕ್ಕ

ಯಂತ್ರಕ್ಕೆ 60 ಸಾವಿರ ಎಂದಿಟ್ಟುಕೊಳ್ಳೋಣ. ಐದು ವರ್ಷ ಬಾಳಿದರೆ ತಿಂಗಳಿಗೆ 1,000 ರೂಪಾಯಿ. ತಿಂಗಳಿಗೆ 4 ಚಿತ್ರ ಮುದ್ರಿಸಿದರೆ ಇಂಕು, ಕಾಗದಕ್ಕೆ ಮುಂಚೆಯೇ ಒಂದೊಂದಕ್ಕೆ 250 ರೂಪಾಯಿ ಬಿತ್ತು. ತಿಂಗಳಿಗೆ 40 ಮುದ್ರಿಸಿದರೆ 25 ರೂಪಾಯಿ. ನಿಮ್ಮ ಊರಿನ ಡಿಜಿಟಲ್ ಪ್ರಿಂಟ್ ಅಂಗಡಿಗೆ ಹೋಗಿ 12ಕ್ಕೆ 18 ಅಂಗುಲದ ಒಂದು ಹಾಳೆಗೆ ಎಷ್ಟು ಎಂದು ಕೇಳಿ, ಈ ಸಂಖ್ಯೆಯ ಪಕ್ಕದಲ್ಲಿಡಿ. ಉತ್ತರ ತಾನಾಗಿ ಬರುತ್ತದೆ. ಪ್ರವೇಶದ ಕಡತಕ್ಕೆ ಅಂಗಡಿಯ ಲೇಸರ್ ಮುದ್ರಣ ಸಾಕು. ಮಾರಲು ಬೇಕಾದ ಹತ್ತಿಪ್ಪತ್ತು ಪ್ರತಿಗಳನ್ನು ದೊಡ್ಡ ಊರುಗಳಲ್ಲಿ ಕಲಾ ಕಾಗದದ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಮುದ್ರಿಸಿಕೊಡುವವರಿಂದ ಮಾಡಿಸಬಹುದು. ಬ್ಯಾನರ್ ಮಾಡುವ ಫ್ಲೆಕ್ಸ್ ಅಂಗಡಿಗೆ ಮಾತ್ರ ಚಿತ್ರ ಒಯ್ಯಬೇಡಿ.

ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ, ಪೂರ್ತಿ ಹಾಳೆಗೆ ಮುಂಚೆ ಪೋಸ್ಟ್‌ಕಾರ್ಡ್ ಅಳತೆಯ ಒಂದು ತುಂಡನ್ನು ಮುದ್ರಿಸಿ ನೋಡಿ. ಕಂಪ್ಯೂಟರಿನ ಪರದೆ ಬೆಳಕು ಚೆಲ್ಲುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಮರಳಿಸುತ್ತದೆ. ಹಾಗಾಗಿ ಪರದೆಯಲ್ಲಿ ಕಂಡದ್ದಕ್ಕಿಂತ ಕಾಗದ ಮಂಕಾಗಿಯೇ ಬರುತ್ತದೆ. ಮಿಂಚುವ ಗುಲಾಬಿ, ಕಡುನೀಲಿಗಳು ಇಂಕಿನಲ್ಲಿ ಪೂರ್ತಿ ಬರುವುದೇ ಇಲ್ಲ. ಸಾಮಾನ್ಯ ಡ್ರಾಯಿಂಗ್ ಹಾಳೆಯ ಮೇಲೆ ಮುದ್ರಿಸಿ ‘ಯಂತ್ರ ಸರಿಯಿಲ್ಲ’ ಎನ್ನಬೇಡಿ. ಅದು ಇಂಕನ್ನು ಹೀರಿಬಿಡುತ್ತದೆ. ಇಂಕ್‌ಜೆಟ್ ಲೇಪನವಿರುವ ಕಾಗದವೇ ಬೇಕು.

ಶಿರಸಿಯ ತಂದೆಗೆ

ನಿಮ್ಮ ಪತ್ರವನ್ನು ಎರಡನೆಯ ಸಲ ಓದಿದಾಗ ನನಗೆ ಕಣ್ಣಿಗೆ ಬಿದ್ದ ಸಂಗತಿ ಇದು: ಮಗಳು ಮೈಸೂರಿನ ಹಾಸ್ಟೆಲಿನಲ್ಲಿ, ಯಂತ್ರ ಶಿರಸಿಯ ಮನೆಯಲ್ಲಿ. ಅವಳು ದಸರಾ ರಜೆಗೆ ಬಂದು ಹೋದರೆ ಮತ್ತೆ ಬರುವುದು ಸಂಕ್ರಾಂತಿಗೋ ಯುಗಾದಿಗೋ. ನಡುವಿನ ತಿಂಗಳುಗಳಲ್ಲಿ ಆ ಪ್ರಿಂಟರಿಗೆ ವಾರವಾರ ಪುಟ ಹಾಕುವವರು ಯಾರು? ನನ್ನ ಮನೆಯಲ್ಲಿ ಆದದ್ದೇ ನಿಮ್ಮಲ್ಲೂ ಆದೀತು.

ಆದ್ದರಿಂದ ಈಗ ಕೊಡಿಸಬೇಕಾದ್ದು ಒಂದು ಎ4 ಸ್ಕ್ಯಾನರು. ತೆಳ್ಳಗಿನದು, ಚೀಲದಲ್ಲಿಟ್ಟು ಹಾಸ್ಟೆಲಿಗೆ ಒಯ್ಯುವಂಥದು. ಜೊತೆಗೆ ಮೊಬೈಲಿಗೆ ಒಂದು ಸ್ಟ್ಯಾಂಡು, ಕಡತಗಳನ್ನಿಡಲು ಒಂದು ಹಾರ್ಡ್ ಡಿಸ್ಕ್. ನಿಮ್ಮ 60 ಸಾವಿರದಲ್ಲಿ ಹೆಚ್ಚಿನ ಭಾಗ ಉಳಿಯುತ್ತದೆ. ಅದರಿಂದ ಕೆಲವು ಸಾವಿರವನ್ನು ಮೈಸೂರಿನಲ್ಲೇ ಮುದ್ರಣ ಮಾಡಿಸಲು ಅವಳ ಕೈಗೆ ಕೊಡಿ. ಯಾವ ಚಿತ್ರಕ್ಕೆ ಎಷ್ಟು ಪ್ರತಿ, ಎಷ್ಟು ಖರ್ಚು, ಎಷ್ಟು ಮಾರಾಟ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಉಳಿದದ್ದು ಬ್ಯಾಂಕಿನಲ್ಲಿರಲಿ. ಒಂದು ವರ್ಷ ಕಳೆದ ಮೇಲೆ ಆ ನೋಟ್‌ಬುಕ್ಕು ತೆರೆದು ನೋಡಿ. ತಿಂಗಳಿಗೆ ಮೂವತ್ತು, ನಲವತ್ತು ಪ್ರತಿ ಹೋಗುತ್ತಿದೆ ಎಂದಾದರೆ ಧೈರ್ಯವಾಗಿ ಪ್ರಿಂಟರು ತನ್ನಿ. ಇಲ್ಲವಾದರೆ ಆ ಹಣ ಅವಳ ಬಣ್ಣ, ಕಾಗದಕ್ಕಾದೀತು.

ಮಗಳಿಗೂ ಒಂದು ಮಾತು. ಅಪ್ಪ ಪ್ರಿಂಟರು ಕೊಡಿಸಲಿಲ್ಲ ಎಂದು ಮುನಿಸಿಕೊಳ್ಳಬೇಡಮ್ಮ. ಮುಂದಿನ ಸಲ ಊರಿಗೆ ಹೋದಾಗ ಮಂಚದ ಕೆಳಗೆ ಸುತ್ತಿಟ್ಟಿರುವ ಹಳೆಯ ಚಿತ್ರಗಳನ್ನೆಲ್ಲ ಹೊರಗೆ ತೆಗೆ. ಹೈಸ್ಕೂಲಿನಲ್ಲಿ ಬರೆದದ್ದೂ ಇರಲಿ. ಒಂದೊಂದನ್ನೂ ಅಳೆದು ಪಟ್ಟಿ ಮಾಡು. ಗಾಜಿಗೆ ಯಾವುದು, ಜಗಲಿಯ ಬೆಳಕಿಗೆ ಯಾವುದು ಎಂದು ಬೇರೆ ಮಾಡು. ಅವುಗಳಲ್ಲಿ ನಿನ್ನ ಅಜ್ಜಿಯದೋ ಅಮ್ಮನದೋ ಚಿತ್ರವಿದ್ದರೆ ಅಲ್ಲಿಂದಲೇ ಶುರುಮಾಡು.